ಊರಪೇಟೆ ಮತ್ತು ಸರಪಳಿ ಅಂಗಡಿ: ಅಮೆರಿಕದ ಸಣ್ಣ ಊರುಗಳ ವ್ಯಾಪಾರ ಚರಿತ್ರೆಯ ಒಂದು ಅವಲೋಕನ

1

ಚಿಲ್ಲರೆ ವ್ಯಾಪಾರವು ಬಹುಕಾಲ ಚರಿತ್ರೆಕಾರರ ಗಮನದ ಅಂಚಿನಲ್ಲಿಯೇ ಉಳಿದ ವಿಷಯ. ಭೂಸಂಬಂಧ, ಕೈಗಾರಿಕೆ, ಕಾರ್ಮಿಕ ಚಳವಳಿ ಮೊದಲಾದವುಗಳ ಅಧ್ಯಯನಕ್ಕೆ ದೊರೆತ ಮಹತ್ವ ಅಂಗಡಿಯ ಅಧ್ಯಯನಕ್ಕೆ ದೊರೆತಿಲ್ಲ. ಆದರೆ ಒಂದು ಊರಿನ ಸಾಲ, ಸಂಬಳ, ಬಾಡಿಗೆ, ತೆರಿಗೆ, ಸುದ್ದಿ ಇವೆಲ್ಲವೂ ಹಾದುಹೋಗುವ ಸ್ಥಳ ಅದರ ಅಂಗಡಿಬೀದಿ. ಅಮೆರಿಕ ಸಂಯುಕ್ತ ಸಂಸ್ಥಾನದ ಸಣ್ಣ ಊರುಗಳಲ್ಲಿ ಈ ಬೀದಿಯನ್ನು 'ಮೇನ್ ಸ್ಟ್ರೀಟ್' ಎಂದು ಕರೆಯುವ ರೂಢಿಯಿದೆ. 20ನೆಯ ಶತಮಾನದ ಉತ್ತರಾರ್ಧದಲ್ಲಿ ಅಂತಹ ಅನೇಕ ಬೀದಿಗಳು ಬರಿದಾದುದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಸರಳವಾದುದು: ದೊಡ್ಡ ಮಳಿಗೆ ಅಗ್ಗವಾಗಿ ಮಾರಿತು, ಜನ ಅಲ್ಲಿಗೆ ಹೋದರು, ಸಣ್ಣ ಅಂಗಡಿಗಳು ಮುಚ್ಚಿಹೋದವು.

ಈ ವಿವರಣೆ ಸುಳ್ಳೇನೂ ಅಲ್ಲವಾದರೂ ಅಪೂರ್ಣವಾದುದು. ಸರಪಳಿ ಅಂಗಡಿಗಳನ್ನು ಕುರಿತು ಆ ದೇಶದ ಶಾಸನಸಭೆಗಳೂ ನ್ಯಾಯಾಲಯಗಳೂ ದಶಕಗಳ ಕಾಲ ನಡೆಸಿದ ವಾಗ್ವಾದವನ್ನು ಅದು ಮರೆಸುತ್ತದೆ. ಆ ವಾಗ್ವಾದದ ಅವಧಿಯಲ್ಲಿ 'ಸಾರ್ವಜನಿಕ ಹಿತ' ಎಂಬ ಮಾತಿನ ಅರ್ಥವೇ ಪಲ್ಲಟಗೊಂಡಿತು. ಆ ಪಲ್ಲಟವು ಬೃಹತ್ ಮಳಿಗೆಗೆ ಸಣ್ಣ ಊರಿನ ದಾರಿಯನ್ನು ಸುಗಮಗೊಳಿಸಿತೆಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

2

ಊರಪೇಟೆಗೆ ಮೊದಲ ಸವಾಲು ಬಂದದ್ದು ಅಂಗಡಿಯ ರೂಪದಲ್ಲಲ್ಲ, ಅಂಚೆಯ ರೂಪದಲ್ಲಿ. ಷಿಕಾಗೋ ನಗರದ ಮಾಂಟ್‌ಗೊಮೆರಿ ವಾರ್ಡ್ ಸಂಸ್ಥೆ 1872ರಲ್ಲಿ ಆರಂಭಿಸಿದ ಪಟ್ಟಿ ನೋಡಿ ಸಾಮಾನು ತರಿಸುವ ಪದ್ಧತಿಯನ್ನು ಸಿಯರ್ಸ್ ಸಂಸ್ಥೆ ಮುಂದೆ ವ್ಯಾಪಕಗೊಳಿಸಿತು. 1896ರಲ್ಲಿ ಗ್ರಾಮೀಣ ಪ್ರದೇಶದ ಮನೆಬಾಗಿಲಿಗೆ ಅಂಚೆ ಒಯ್ಯುವ ಪ್ರಯೋಗ ಪ್ರಾರಂಭವಾಯಿತು. 1913ರ ಜನವರಿಯಲ್ಲಿ ಸರ್ಕಾರಿ ಪಾರ್ಸೆಲ್ ಸೇವೆ ಜಾರಿಗೆ ಬಂದಿತು. ಈ ಸೇವೆಯನ್ನು ಸಣ್ಣ ಊರುಗಳ ವರ್ತಕರು ತೀವ್ರವಾಗಿ ವಿರೋಧಿಸಿದ್ದರು. ದೂರದ ವ್ಯಾಪಾರಿ ಊರೊಳಗೆ ಬರುವುದಕ್ಕೆ ಸರ್ಕಾರದ ವ್ಯವಸ್ಥೆಯೇ ಹಾದಿಯಾಯಿತು ಎಂಬ ಅಂಶವನ್ನು ಇಲ್ಲಿ ಗಮನಿಸಬೇಕು.

ಇದೇ ಕಾಲಘಟ್ಟದಲ್ಲಿ ಸರಪಳಿ ಅಂಗಡಿಗಳು ಬೆಳೆದವು. ವೂಲ್‌ವರ್ತ್ 1879ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ತನ್ನ ಮೊದಲ ಯಶಸ್ವಿ ಅಂಗಡಿಯನ್ನು ತೆರೆದ. 1859ರಲ್ಲಿ ನ್ಯೂಯಾರ್ಕಿನ ಚಹಾ ವ್ಯಾಪಾರವಾಗಿ ಹುಟ್ಟಿ ಮುಂದೆ 'ಎ ಅಂಡ್ ಪಿ' ಎಂಬ ಹೆಸರಿನಿಂದ ಪ್ರಸಿದ್ಧವಾದ ಗ್ರೇಟ್ ಅಟ್ಲಾಂಟಿಕ್ ಅಂಡ್ ಪೆಸಿಫಿಕ್ ಟೀ ಕಂಪನಿ 1912ರಲ್ಲಿ ಹೊಸ ಮಾದರಿಯ ದಿನಸಿ ಅಂಗಡಿಗಳನ್ನು ತೆರೆಯಿತು. ಅಲ್ಲಿ ಉದ್ದರಿ ಇಲ್ಲ, ಮನೆಗೆ ಸಾಮಾನು ತಲಪಿಸುವ ವ್ಯವಸ್ಥೆಯೂ ಇಲ್ಲ. ಅದಕ್ಕೆ ಪ್ರತಿಯಾಗಿ ಬೆಲೆ ಕಡಿಮೆ. 1930ರ ಹೊತ್ತಿಗೆ ಈ ಒಂದೇ ಕಂಪನಿಗೆ 15,000ಕ್ಕೂ ಹೆಚ್ಚು ಅಂಗಡಿಗಳಿದ್ದವು.

ಹಳೆಯ ಅಂಗಡಿಕಾರನನ್ನು ಊರಿನ ಬಂಧುವೆಂದು ಚಿತ್ರಿಸುವ ಕಥನಗಳು ಹೇರಳವಾಗಿವೆ. ಬೆಳೆ ಕೈಗೆ ಬರುವವರೆಗೆ ರೈತನಿಗೆ ಉದ್ದರಿ ಕೊಡುತ್ತಿದ್ದವನು ಅವನೇ ಎಂಬುದು ನಿಜ. ಆದರೆ ಉದ್ದರಿಯ ಲೆಕ್ಕದ ಪುಸ್ತಕ ಅಧಿಕಾರದ ಪುಸ್ತಕವೂ ಆಗಿತ್ತು. ದಕ್ಷಿಣದ ರಾಜ್ಯಗಳಲ್ಲಿ ಬೆಳೆಯನ್ನೇ ಒತ್ತೆಯಿಟ್ಟುಕೊಂಡು ಸಾಮಾನು ಕೊಡುವ ಪದ್ಧತಿಯಿಂದಾಗಿ ಗೇಣಿ ಬೇಸಾಯಗಾರರು, ಅದರಲ್ಲಿಯೂ ಕಪ್ಪು ಜನಾಂಗದವರು, ವರ್ಷದಿಂದ ವರ್ಷಕ್ಕೆ ಸಾಲದಲ್ಲಿಯೇ ಉಳಿಯುತ್ತಿದ್ದರು. ಬಿಳಿಯ ಗಿರಾಕಿಗಳೆಲ್ಲರ ಸರದಿ ಮುಗಿಯುವವರೆಗೆ ಕಾಯಬೇಕಾಗಿದ್ದ ಕಪ್ಪು ಗಿರಾಕಿಗೆ ಮುಖ ನೋಡದೆ, ಎಲ್ಲರಿಗೂ ಒಂದೇ ಬೆಲೆಗೆ ಸಾಮಾನು ಕಳುಹಿಸುವ ದೂರದ ಕಂಪನಿ ಒಂದು ಬಗೆಯ ಬಿಡುಗಡೆಯಾಗಿಯೂ ಕಂಡಿರಬೇಕು. ಊರಪೇಟೆಯ ಅವನತಿಯನ್ನು ಚರ್ಚಿಸುವಾಗ ಅದು ಎಲ್ಲರಿಗೂ ಸಮಾನವಾಗಿ ತೆರೆದಿರಲಿಲ್ಲವೆಂಬುದನ್ನು ಮರೆಯುವಂತಿಲ್ಲ.

3

1920ರ ದಶಕದ ಕೊನೆಯ ಭಾಗದಲ್ಲಿ ಸರಪಳಿ ಅಂಗಡಿಗಳ ವಿರುದ್ಧ ಸಂಘಟಿತ ಹೋರಾಟ ರೂಪುಗೊಂಡಿತು. ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ರೇಡಿಯೋ ಕೇಂದ್ರದ ಒಡೆಯನಾಗಿದ್ದ ಡಬ್ಲ್ಯು. ಕೆ. ಹೆಂಡರ್ಸನ್ ತನ್ನ ಪ್ರಸಾರಗಳ ಮೂಲಕ ಈ ಹೋರಾಟಕ್ಕೆ ಜನಬೆಂಬಲ ಗಳಿಸಿದ. ಅಂಗಡಿಗಳ ಸಂಖ್ಯೆ ಹೆಚ್ಚಿದಂತೆ ಪ್ರತಿ ಅಂಗಡಿಯ ಮೇಲಿನ ತೆರಿಗೆಯೂ ಹೆಚ್ಚುವ ಕಾಯಿದೆಯನ್ನು ಇಂಡಿಯಾನಾ ರಾಜ್ಯ 1929ರಲ್ಲಿ ಅಂಗೀಕರಿಸಿತು. ಸರ್ವೋಚ್ಚ ನ್ಯಾಯಾಲಯವು 1931ರಲ್ಲಿ 5–4ರ ಬಹುಮತದಿಂದ ಅದನ್ನು ಎತ್ತಿಹಿಡಿದ ಬಳಿಕ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಇಂತಹ ಕಾಯಿದೆಗಳನ್ನು ರಚಿಸಿದವು. ರಾಜ್ಯದೊಳಗಿನ ಅಂಗಡಿಗಳನ್ನಲ್ಲದೆ ದೇಶದಾದ್ಯಂತ ಇರುವ ಒಟ್ಟು ಅಂಗಡಿಗಳನ್ನು ಲೆಕ್ಕಹಿಡಿದು ತೆರಿಗೆಯ ದರ ನಿಗದಿಮಾಡುವ ಲೂಸಿಯಾನಾದ ಕಾಯಿದೆಯೂ 1937ರಲ್ಲಿ ನ್ಯಾಯಾಲಯದ ಮನ್ನಣೆ ಪಡೆಯಿತು.

ಈ ಹಂತದ ಚಿಂತನೆಯನ್ನು ಅರಿಯಲು 1933ರ ಫ್ಲಾರಿಡಾ ತೆರಿಗೆ ಪ್ರಕರಣದಲ್ಲಿ ನ್ಯಾಯಮೂರ್ತಿ ಲೂಯಿ ಬ್ರಾಂಡೈಸ್ ನೀಡಿದ ಭಿನ್ನಮತದ ತೀರ್ಪು ಮುಖ್ಯವಾದುದು. ಸಂಪತ್ತು ಕೆಲವರಲ್ಲಿ ಕೇಂದ್ರೀಕೃತವಾಗುವುದು, ಒಡೆಯನು ಊರಿನಿಂದ ದೂರವಿರುವುದು, ಊರಿನ ನಾಯಕತ್ವ ಬಡವಾಗುವುದು ಇವುಗಳನ್ನು ಒಂದು ರಾಜ್ಯದ ಪ್ರಜೆಗಳು ಕೆಡುಕೆಂದು ಭಾವಿಸಿ ತೆರಿಗೆಯ ಮೂಲಕ ತಡೆಯಲು ಯತ್ನಿಸಬಹುದು, ಸಂವಿಧಾನ ಅದಕ್ಕೆ ಅಡ್ಡಿಯಲ್ಲ ಎಂಬುದು ಅವರ ನಿಲುವಿನ ಸಾರ. ಇಲ್ಲಿ ಅಂಗಡಿಯ ಪ್ರಶ್ನೆ ಸ್ವತಂತ್ರ ಪೌರನ ಪ್ರಶ್ನೆಯಾಗಿದೆ. ಬೆಲೆ ಅದರ ಒಂದು ಅಂಶ ಮಾತ್ರ.

1936ರ ರಾಬಿನ್ಸನ್–ಪ್ಯಾಟ್ಮನ್ ಕಾಯಿದೆ ಈ ಚಿಂತನೆಯ ದೊಡ್ಡ ಫಲ. ಅರ್ಕನ್ಸಾದ ಸೆನೆಟರ್ ಜೋಸೆಫ್ ರಾಬಿನ್ಸನ್ ಮತ್ತು ಟೆಕ್ಸಾಸಿನ ಪ್ರತಿನಿಧಿ ರೈಟ್ ಪ್ಯಾಟ್ಮನ್ ಇದರ ಕರ್ತೃಗಳು. ಒಂದೇ ಸರಕನ್ನು ದೊಡ್ಡ ಖರೀದಿದಾರನಿಗೆ ಒಂದು ಬೆಲೆಗೆ, ಸಣ್ಣವನಿಗೆ ಮತ್ತೊಂದು ಬೆಲೆಗೆ ಮಾರಿ ಸ್ಪರ್ಧೆಗೆ ಧಕ್ಕೆ ತರುವುದನ್ನು ಅದು ನಿಷೇಧಿಸಿತು. ವೆಚ್ಚದಲ್ಲಿ ನಿಜವಾಗಿ ಉಳಿತಾಯವಾಗುವಷ್ಟರ ಮಟ್ಟಿಗಿನ ರಿಯಾಯಿತಿಗೆ ಅವಕಾಶವಿತ್ತಿತು. 1937ರ ಮಿಲ್ಲರ್–ಟೈಡಿಂಗ್ಸ್ ಕಾಯಿದೆಯು ತಯಾರಕರು ಚಿಲ್ಲರೆ ಮಾರಾಟದ ಕನಿಷ್ಠ ಬೆಲೆಯನ್ನು ಗೊತ್ತುಪಡಿಸಲು ಅನುವುಮಾಡಿಕೊಡುವ ರಾಜ್ಯ ಕಾಯಿದೆಗಳಿಗೆ ರಕ್ಷಣೆ ಒದಗಿಸಿತು.

ಆದರೆ ಹೋರಾಟದ ಶಿಖರದಲ್ಲಿಯೇ ಇಳಿಜಾರೂ ಆರಂಭವಾಗಿತ್ತು. 1936ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಸರಪಳಿ ಅಂಗಡಿ ತೆರಿಗೆಯನ್ನು ಜನಮತಗಣನೆಯಲ್ಲಿ ತಿರಸ್ಕರಿಸಿದರು. ಸರಪಳಿಗಳ ಮೇಲೆ ದೇಶವ್ಯಾಪಿಯಾಗಿ ಭಾರಿ ತೆರಿಗೆ ವಿಧಿಸಲು ಪ್ಯಾಟ್ಮನ್ 1938ರಲ್ಲಿ ತಂದ ಮಸೂದೆ 1940ರಲ್ಲಿ ಬಿದ್ದುಹೋಯಿತು. ಆ ವೇಳೆಗೆ ಎ ಅಂಡ್ ಪಿ ಕಾರ್ಮಿಕ ಸಂಘಗಳೊಡನೆ ಒಪ್ಪಂದ ಮಾಡಿಕೊಂಡಿತ್ತು. ರೈತರ ಮಾರಾಟ ಸಹಕಾರಿಗಳೂ ಬಳಕೆದಾರರ ಸಂಘಟನೆಗಳೂ ಮಸೂದೆಯನ್ನು ವಿರೋಧಿಸಿದವು. ರೈತ, ಕಾರ್ಮಿಕ, ಗೃಹಿಣಿ ಈ ಮೂವರೂ ಅಂಗಡಿಕಾರನ ಜೊತೆ ನಿಲ್ಲಲಿಲ್ಲ. ಅಗ್ಗದ ಬೆಲೆ ಅವರ ಪಾಲಿಗೆ ನಿಜವಾದ ಲಾಭವಾಗಿತ್ತು. ಅಂಗಡಿಕಾರನ ಸ್ವಾತಂತ್ರ್ಯದಲ್ಲಿ ತಮ್ಮ ಪಾಲೇನೆಂಬುದು ಅವರಿಗೆ ಸ್ಪಷ್ಟವಾಗಿರಲಿಲ್ಲ.

4

ಎರಡನೆಯ ಮಹಾಯುದ್ಧದ ನಂತರ ಸಾರ್ವಜನಿಕ ಹಿತದ ಪ್ರತಿನಿಧಿಯಾಗಿ ಪೌರನ ಸ್ಥಾನದಲ್ಲಿ ಬಳಕೆದಾರ ಕುಳಿತನು. 1956ರ ಹೆದ್ದಾರಿ ಕಾಯಿದೆಯಿಂದ ಒಳನಾಡು ಹತ್ತಿರವಾಯಿತು. ಕನಿಷ್ಠ ಬೆಲೆಯ ಕಾಯಿದೆಗಳಿಗಿದ್ದ ಒಕ್ಕೂಟ ಸರ್ಕಾರದ ರಕ್ಷಣೆಯನ್ನು ಸಂಸತ್ತು 1975ರಲ್ಲಿ ಹಿಂತೆಗೆದುಕೊಂಡಿತು. ರಾಬಿನ್ಸನ್–ಪ್ಯಾಟ್ಮನ್ ಕಾಯಿದೆ ಪುಸ್ತಕದಲ್ಲಿ ಉಳಿಯಿತಾದರೂ 1980ರ ದಶಕದಿಂದೀಚೆಗೆ ಸರ್ಕಾರ ಅದನ್ನು ಬಳಸುವುದು ತೀರ ವಿರಳವಾಯಿತು.

ವಾಲ್‌ಮಾರ್ಟ್‌ನ ಬೆಳವಣಿಗೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಅದರ ಸ್ಥಾಪಕ ಸ್ಯಾಮ್ ವಾಲ್ಟನ್ ಸಣ್ಣ ಊರಿನ ವರ್ತಕನೇ ಆಗಿದ್ದ. 1945ರಲ್ಲಿ ಅರ್ಕನ್ಸಾದ ನ್ಯೂಪೋರ್ಟ್‌ನಲ್ಲಿ ಅಂಗಡಿ ತೆರೆದ ಆತ ಕಟ್ಟಡದ ಬಾಡಿಗೆ ಕರಾರು ನವೀಕರಣವಾಗದೆ ಅದನ್ನು ಕಳೆದುಕೊಂಡು 1950ರಲ್ಲಿ ಬೆಂಟನ್‌ವಿಲ್‌ಗೆ ಬಂದ. 1962ರ ಜುಲೈ 2ರಂದು ನೆರೆಯ ರೋಜರ್ಸ್ ಊರಿನಲ್ಲಿ ಮೊದಲ ವಾಲ್‌ಮಾರ್ಟ್ ತೆರೆಯಿತು. ಅದೇ ವರ್ಷ ಆರಂಭವಾದ ಕೆಮಾರ್ಟ್ ಮತ್ತು ಟಾರ್ಗೆಟ್ ಮಳಿಗೆಗಳು ದೊಡ್ಡ ನಗರಗಳ ಹೊರವಲಯಗಳನ್ನು ಆರಿಸಿಕೊಂಡರೆ, ವಾಲ್ಟನ್ ಇತರರು ಕಡೆಗಣಿಸಿದ ಸಣ್ಣ ಊರುಗಳನ್ನು ಆರಿಸಿಕೊಂಡ. ಒಂದು ಉಗ್ರಾಣ, ಅದರಿಂದ ಲಾರಿಯೊಂದು ಒಂದು ದಿನದಲ್ಲಿ ತಲಪಬಹುದಾದ ದೂರದೊಳಗೆ ಹತ್ತಾರು ಮಳಿಗೆ, ಆ ಪ್ರದೇಶ ತುಂಬಿದ ಮೇಲೆ ಪಕ್ಕದ ಪ್ರದೇಶ ಇದು ಅದರ ವಿಸ್ತರಣೆಯ ಕ್ರಮ. ಮಳಿಗೆ ಸಾಮಾನ್ಯವಾಗಿ ಊರ ಹೊರಗಿನ ಹೆದ್ದಾರಿಯ ಬದಿಯಲ್ಲಿ, ವಿಶಾಲವಾದ ವಾಹನ ನಿಲುಗಡೆಯ ನಡುವೆ ಇರುತ್ತಿತ್ತು. 1988ರಲ್ಲಿ ಮಿಸ್ಸೌರಿಯ ವಾಷಿಂಗ್ಟನ್ ಎಂಬ ಊರಿನಲ್ಲಿ ದಿನಸಿಯನ್ನೂ ಒಳಗೊಂಡ ಮೊದಲ 'ಸೂಪರ್‌ಸೆಂಟರ್' ತೆರೆಯಿತು. ಜವಳಿ, ಕಬ್ಬಿಣದ ಸಾಮಾನು, ಔಷಧಿ, ದಿನಸಿ ಹೀಗೆ ಬೀದಿಯುದ್ದಕ್ಕೂ ಹಂಚಿಹೋಗಿದ್ದ ಕಸುಬುಗಳೆಲ್ಲ ಒಂದೇ ಚಾವಣಿಯ ಕೆಳಗೆ ಬಂದವು.

ಇದರ ಪರಿಣಾಮಗಳನ್ನು ಮೊದಲು ವ್ಯವಸ್ಥಿತವಾಗಿ ಅಳೆದವರು ಅಯೊವಾ ರಾಜ್ಯ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಕೆನೆತ್ ಸ್ಟೋನ್. ಮಾರಾಟ ತೆರಿಗೆಯ ದಾಖಲೆಗಳನ್ನು ಆಧರಿಸಿದ ಅವರ ಅಧ್ಯಯನದ ಫಲಿತಗಳು ಸಂಕೀರ್ಣವಾಗಿವೆ. ಮಳಿಗೆ ಬಂದ ಊರಿನಲ್ಲಿ ಒಟ್ಟು ಮಾರಾಟ ಆರಂಭದಲ್ಲಿ ಏರಿತು. ಅದು ಮಾರದ ಸರಕನ್ನು ಮಾರುವವರಿಗೂ ಉಪಾಹಾರ ಗೃಹಗಳಿಗೂ ಅನುಕೂಲವಾಯಿತು. ಅದೇ ಸರಕನ್ನು ಮಾರುವವರು ನಷ್ಟ ಅನುಭವಿಸಿದರು. ಎಲ್ಲರಿಗಿಂತ ಹೆಚ್ಚು ಕಳೆದುಕೊಂಡದ್ದು ಮಳಿಗೆಯೇ ಬಾರದಿದ್ದ ಸುತ್ತಲಿನ ಇನ್ನೂ ಸಣ್ಣ ಊರುಗಳು. ಅವರ ಲೆಕ್ಕದಂತೆ 1983ರಿಂದ 1993ರವರೆಗಿನ ಅವಧಿಯಲ್ಲಿ ಅಯೊವಾ 555 ದಿನಸಿ ಅಂಗಡಿಗಳನ್ನೂ 298 ಕಬ್ಬಿಣದ ಸಾಮಾನಿನ ಅಂಗಡಿಗಳನ್ನೂ ಕಳೆದುಕೊಂಡಿತು. 1980ರ ದಶಕದ ಕೃಷಿ ಬಿಕ್ಕಟ್ಟು ಆ ರಾಜ್ಯವನ್ನು ಕಾಡಿದ್ದುದರಿಂದ ಈ ನಷ್ಟವೆಲ್ಲವನ್ನೂ ಒಂದೇ ಕಾರಣಕ್ಕೆ ಆರೋಪಿಸಲಾಗದು.

ಕಾನೂನಿನ ದೃಷ್ಟಿ ಎಷ್ಟು ಬದಲಾಗಿತ್ತೆಂಬುದಕ್ಕೆ ಅರ್ಕನ್ಸಾದ ಕಾನ್‌ವೇ ಊರಿನ ಪ್ರಕರಣ ನಿದರ್ಶನ. ವಾಲ್‌ಮಾರ್ಟ್ ಕೆಲವು ಔಷಧಿಗಳನ್ನು ಅಸಲಿಗಿಂತ ಕಡಿಮೆ ಬೆಲೆಗೆ ಮಾರುತ್ತಿದೆಯೆಂದು ಅಲ್ಲಿನ ಸ್ವತಂತ್ರ ಔಷಧಿ ವ್ಯಾಪಾರಿಗಳು ದಾವೆ ಹೂಡಿದರು. ಅವರು ಆಶ್ರಯಿಸಿದ್ದು 1937ರ ರಾಜ್ಯ ಕಾಯಿದೆಯನ್ನು, ಅಂದರೆ ಹಿಂದಿನ ಹೋರಾಟದ ಕಾಲದ ಶಾಸನವನ್ನು. ಕೆಳ ನ್ಯಾಯಾಲಯ 1993ರಲ್ಲಿ ಅವರ ಪರವಾಗಿ ತೀರ್ಪಿತ್ತಿತು. ರಾಜ್ಯದ ಸರ್ವೋಚ್ಚ ನ್ಯಾಯಾಲಯ 1995ರಲ್ಲಿ 4–3ರ ಬಹುಮತದಿಂದ ಅದನ್ನು ರದ್ದುಪಡಿಸಿತು. ಸ್ಪರ್ಧೆಯನ್ನು ನಾಶಮಾಡುವ ಉದ್ದೇಶ ಸಿದ್ಧವಾಗಿಲ್ಲವೆಂಬುದು ಅದರ ನಿರ್ಣಯ. ಕಾಯಿದೆಯ ಮಾತುಗಳು ಹಾಗೆಯೇ ಇದ್ದವು; ಅವುಗಳನ್ನು ಓದುವ ಬಗೆ ಬದಲಾಗಿತ್ತು.

5

21ನೆಯ ಶತಮಾನದ ಅಧ್ಯಯನಗಳು ಲಾಭನಷ್ಟಗಳನ್ನು ಇನ್ನಷ್ಟು ಸೂಕ್ಷ್ಮವಾಗಿ ಪರಿಶೀಲಿಸಿವೆ. ವಾಲ್‌ಮಾರ್ಟ್ ಬಂದ ಕೌಂಟಿಯಲ್ಲಿ ಚಿಲ್ಲರೆ ವ್ಯಾಪಾರದ ಉದ್ಯೋಗ ಮೊದಲ ವರ್ಷ ಸುಮಾರು 100ರಷ್ಟು ಹೆಚ್ಚಿ, ಮುಂದಿನ ಐದು ವರ್ಷಗಳಲ್ಲಿ ಅದರ ಅರ್ಧದಷ್ಟು ಇಳಿಯಿತೆಂದು ಎಮೆಕ್ ಬಾಸ್ಕರ್ 2005ರಲ್ಲಿ ಪ್ರಕಟಿಸಿದರು. ಡೇವಿಡ್ ನ್ಯೂಮಾರ್ಕ್ ಮತ್ತು ಸಹಲೇಖಕರು 2008ರಲ್ಲಿ, ಮಳಿಗೆಯ ಒಬ್ಬ ನೌಕರನಿಗೆ ಪ್ರತಿಯಾಗಿ ಇತರೆಡೆ ಸುಮಾರು 1.4 ಉದ್ಯೋಗಗಳು ಇಲ್ಲವಾದವೆಂಬ ವಿರುದ್ಧ ಫಲಿತವನ್ನು ಮುಂದಿಟ್ಟರು. ಬೆಲೆಗಳು ಇಳಿದವೆಂಬುದರಲ್ಲಿ ಬಹುತೇಕ ಒಮ್ಮತವಿದೆ. ಬಡ ಕುಟುಂಬಗಳಿಗೆ ಅದು ಸಣ್ಣ ಸಂಗತಿಯಲ್ಲ.

ಈ ಲೆಕ್ಕಗಳೆಲ್ಲವೂ ಮಳಿಗೆಯ ಆಗಮನವನ್ನು ಕುರಿತವು. ಅದರ ನಿರ್ಗಮನವೂ ಚರಿತ್ರೆಯ ಭಾಗವೇ. 2016ರ ಜನವರಿಯಲ್ಲಿ ವಾಲ್‌ಮಾರ್ಟ್ ಅಮೆರಿಕದಲ್ಲಿ 154 ಮಳಿಗೆಗಳನ್ನು ಮುಚ್ಚುವುದಾಗಿ ಘೋಷಿಸಿತು. ಸಣ್ಣ ಗಾತ್ರದ 'ಎಕ್ಸ್‌ಪ್ರೆಸ್' ಮಾದರಿಯವು ಅವುಗಳಲ್ಲಿ 102. ನಾರ್ತ್ ಕೆರೊಲಿನಾದ ಒರಿಯೆಂಟಲ್ ಎಂಬ, ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ ಇಂತಹ ಮಳಿಗೆ ತೆರೆದದ್ದು 2014ರಲ್ಲಿ. ದಶಕಗಳಿಂದ ನಡೆದುಬಂದಿದ್ದ ಅಲ್ಲಿನ ದಿನಸಿ ಅಂಗಡಿ 2015ರಲ್ಲಿ ಬಾಗಿಲು ಹಾಕಿತು. ಕೆಲವೇ ತಿಂಗಳಲ್ಲಿ ಮಳಿಗೆಯೂ ಹೊರಟುಹೋಯಿತು. ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಪ್ರದೇಶವಾದ ಮ್ಯಾಕ್‌ಡೊವೆಲ್ ಕೌಂಟಿಯ ಸೂಪರ್‌ಸೆಂಟರ್ ಕೂಡ ಅದೇ ಪಟ್ಟಿಯಲ್ಲಿತ್ತು. ಊರಿನ ಅಂಗಡಿಕಾರ ನಷ್ಟವಾದರೂ ಕೆಲಕಾಲ ತಡೆದುಕೊಂಡು ನಿಲ್ಲುತ್ತಾನೆ, ಏಕೆಂದರೆ ಅವನಿಗೆ ಹೋಗಲು ಬೇರೆ ಊರಿಲ್ಲ. ದೂರದ ಒಡೆತನಕ್ಕೆ ಅಂತಹ ಬಂಧನವಿಲ್ಲ. ಬ್ರಾಂಡೈಸ್ 1933ರಲ್ಲಿ ಎತ್ತಿದ್ದ ಪ್ರಶ್ನೆ ಬೇರೊಂದು ರೂಪದಲ್ಲಿ ಇಲ್ಲಿ ಮರಳಿದೆ.

ಗೆದ್ದವರೂ ಶಾಶ್ವತವಲ್ಲ. ಒಂದು ಕಾಲಕ್ಕೆ ಎಲ್ಲರ ಭಯಕ್ಕೆ ಕಾರಣವಾಗಿದ್ದ ಎ ಅಂಡ್ ಪಿ 2015ರಲ್ಲಿ ದಿವಾಳಿಯಾಗಿ ಕಣ್ಮರೆಯಾಯಿತು. ಆದರೆ ಸರಪಳಿ ಬಿದ್ದಾಗ ಹಳೆಯ ಅಂಗಡಿ ತಾನಾಗಿ ಮರಳಿ ಹುಟ್ಟುವುದಿಲ್ಲ. ಅನೇಕ ಗ್ರಾಮೀಣ ಊರುಗಳಲ್ಲಿ ತೆರವಾದ ಜಾಗಕ್ಕೆ ಬಂದದ್ದು ಡಾಲರ್ ಜನರಲ್‌ನಂತಹ ಮತ್ತೊಂದು ಸರಪಳಿ.

6

ಈ ಚರಿತ್ರೆಗೂ ನಮಗೂ ನೇರ ಸಂಬಂಧಗಳಿವೆ. 2003ರಲ್ಲಿ ಜರ್ಮನಿಯ ಮೆಟ್ರೊ ಸಂಸ್ಥೆ ಭಾರತದಲ್ಲಿ ತನ್ನ ಮೊದಲ ಸಗಟು ಮಳಿಗೆಯನ್ನು ತೆರೆದದ್ದು ಬೆಂಗಳೂರಿನಲ್ಲಿ. 2023ರಲ್ಲಿ ಅದರ ಭಾರತೀಯ ವ್ಯಾಪಾರ ರಿಲಯನ್ಸ್ ರಿಟೇಲ್ ವಶವಾಯಿತು. 2012ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಬಹುಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇಕಡ 51ರವರೆಗೆ ವಿದೇಶಿ ನೇರ ಬಂಡವಾಳಕ್ಕೆ ಅನುಮತಿ ನೀಡಿದಾಗ, ಒಪ್ಪುವ ಅಥವಾ ನಿರಾಕರಿಸುವ ನಿರ್ಧಾರವನ್ನು ರಾಜ್ಯಗಳಿಗೆ ಬಿಟ್ಟಿತು. 2018ರಲ್ಲಿ ವಾಲ್‌ಮಾರ್ಟ್ ಬೆಂಗಳೂರು ಮೂಲದ ಫ್ಲಿಪ್‌ಕಾರ್ಟ್‌ನ ಶೇಕಡ 77ರಷ್ಟು ಪಾಲನ್ನು 1,600 ಕೋಟಿ ಡಾಲರಿಗೆ ಖರೀದಿಸಿತು. ಹೆದ್ದಾರಿ ಬದಿಯ ಮಳಿಗೆಗಿಂತ ಮೊದಲು ಅಂಚೆಯ ಪಟ್ಟಿ ಅಮೆರಿಕದ ಹಳ್ಳಿಯನ್ನು ತಲಪಿದಂತೆ, ನಮ್ಮ ತಾಲ್ಲೂಕು ಕೇಂದ್ರಗಳನ್ನು ಮೊದಲು ತಲಪುತ್ತಿರುವುದು ಮೊಬೈಲ್ ಮೂಲಕದ ಮಾರಾಟ. ಆದರೆ ಅಮೆರಿಕದ ಅನುಭವವನ್ನು ಯಥಾವತ್ತಾಗಿ ನಮಗೆ ಅನ್ವಯಿಸುವುದು ಸಾಧುವಲ್ಲ. ಸಂತೆ, ದಲ್ಲಾಳಿ, ಕಿರಾಣಿ ಅಂಗಡಿಯ ಉದ್ದರಿ, ಜಾತಿಸಂಬಂಧ ಇವುಗಳ ಹೆಣಿಗೆ ಇಲ್ಲಿ ಬೇರೆ. ಅದನ್ನು ಕುರಿತ ಕ್ಷೇತ್ರಾಧ್ಯಯನಗಳು ಪ್ರತ್ಯೇಕವಾಗಿ ನಡೆಯಬೇಕಾಗಿದೆ.

ಅಮೆರಿಕದಲ್ಲಿಯೂ ವಾಗ್ವಾದ ಮುಗಿದಿಲ್ಲ. ದಶಕಗಳ ಮೌನದ ಬಳಿಕ ಅಲ್ಲಿನ ಒಕ್ಕೂಟ ವಾಣಿಜ್ಯ ಆಯೋಗವು 2024ರ ಡಿಸೆಂಬರಿನಲ್ಲಿ ಮದ್ಯದ ಸಗಟು ಸಂಸ್ಥೆಯೊಂದರ ಮೇಲೆ ರಾಬಿನ್ಸನ್–ಪ್ಯಾಟ್ಮನ್ ಕಾಯಿದೆಯಡಿ ಮೊಕದ್ದಮೆ ಹೂಡಿತು. 2025ರ ಜನವರಿಯಲ್ಲಿ ಪೆಪ್ಸಿಕೋ ಮೇಲೆ ಹೂಡಿದ ಎರಡನೆಯ ಮೊಕದ್ದಮೆಯನ್ನು ಅದೇ ವರ್ಷದ ಮೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ಈ ಹಿಂಜರಿತ ಅರ್ಥಪೂರ್ಣವಾದುದು. ಅಗ್ಗದ ಬೆಲೆಯಿಂದ ಆಗುವ ಲಾಭವನ್ನು ರಸೀದಿಯಲ್ಲಿ ಓದಬಹುದು. ತನ್ನ ವ್ಯಾಪಾರದ ಬಗ್ಗೆ ತಾನೇ ನಿರ್ಧರಿಸುವ ಶಕ್ತಿಯನ್ನು ಊರೊಂದು ಕಳೆದುಕೊಂಡಾಗ ಆ ನಷ್ಟ ಯಾವ ರಸೀದಿಯಲ್ಲಿಯೂ ದಾಖಲಾಗುವುದಿಲ್ಲ. 1930ರ ದಶಕದ ಶಾಸನಕಾರರು ಅನೇಕ ಪೂರ್ವಗ್ರಹಗಳ ನಡುವೆಯೂ ಈ ಎರಡನೆಯ ಲೆಕ್ಕವನ್ನು ಇಡಲು ಯತ್ನಿಸಿದ್ದರು. ಆ ಲೆಕ್ಕವನ್ನು ಉದ್ದರಿಯ ಪುಸ್ತಕದಲ್ಲಿ ಸಿಲುಕಿದ್ದವರ ಪಾಲನ್ನೂ ಸೇರಿಸಿ ಮತ್ತೆ ಬರೆಯುವುದು ವ್ಯಾಪಾರ ಚರಿತ್ರೆಯ ಮುಂದಿರುವ ಕೆಲಸ.