ಲಿಂಫೆಡಿಮಾ: ಕೈಕಾಲುಗಳ ದುಗ್ಧರಸ ಬಾವು ಮತ್ತು ಅದರ ಫಿಸಿಯೋಥೆರಪಿ ಚಿಕಿತ್ಸೆ

ಪೀಠಿಕೆ

ಶರೀರದ ಅಂಗಾಂಶಗಳಲ್ಲಿ ಉಳಿಯುವ ಹೆಚ್ಚುವರಿ ದ್ರವವನ್ನು ರಕ್ತಕ್ಕೆ ಮರಳಿಸುವ ವ್ಯವಸ್ಥೆಗೆ ದುಗ್ಧರಸ ವ್ಯೂಹವೆಂದು ಹೆಸರು. ಈ ದ್ರವವು ಸೂಕ್ಷ್ಮ ನಾಳಗಳ ಮೂಲಕ ಹರಿದು, ಕಂಕುಳು, ತೊಡೆಸಂದು ಹಾಗೂ ಕುತ್ತಿಗೆಯಲ್ಲಿರುವ ಗ್ರಂಥಿಗಳಲ್ಲಿ ಶೋಧಿಸಲ್ಪಡುತ್ತದೆ. ನಾಳಗಳಿಗಾಗಲಿ ಗ್ರಂಥಿಗಳಿಗಾಗಲಿ ಹಾನಿಯಾದಾಗ ದ್ರವವು ಕೈ ಅಥವಾ ಕಾಲಿನಲ್ಲಿ ಸಂಗ್ರಹವಾಗಿ ಬಾವು ಉಂಟಾಗುತ್ತದೆ. ಇದನ್ನು ಲಿಂಫೆಡಿಮಾ ಎಂದು ಕರೆಯಲಾಗುತ್ತದೆ.

ಈ ಬಾವು ಬಹುಮಟ್ಟಿಗೆ ಪೂರ್ಣವಾಗಿ ವಾಸಿಯಾಗುವಂಥದ್ದಲ್ಲ. ಆದರೆ ಸಕಾಲದಲ್ಲಿ ಚಿಕಿತ್ಸೆ ಆರಂಭಿಸಿದಲ್ಲಿ ಬಾವನ್ನು ಇಳಿಸಿ, ಹತೋಟಿಯಲ್ಲಿಟ್ಟು, ರೋಗಿಯು ದೈನಂದಿನ ಕೆಲಸಗಳನ್ನು ನಿರ್ವಹಿಸುವಂತೆ ಮಾಡಬಹುದು. ಸಂಕೋಚದಿಂದ ಬಾವನ್ನು ಮರೆಮಾಚುವುದರಿಂದ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ. ಕೋಲಾರ ಜಿಲ್ಲೆ, ಮಾಲೂರು ತಾಲ್ಲೂಕಿನ ಮಾಸ್ತಿ ಹೋಬಳಿ ಹಾಗೂ ಸುತ್ತಲಿನ ಗ್ರಾಮಗಳ ನಾಗರಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಕಾರಣಗಳು

1. ಕ್ಯಾನ್ಸರ್ ಚಿಕಿತ್ಸೆಯ ನಂತರ: ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಾಗ ಅಥವಾ ಆ ಭಾಗಕ್ಕೆ ವಿಕಿರಣ ಚಿಕಿತ್ಸೆ ನೀಡಿದಾಗ ಅದೇ ಬದಿಯ ಕೈಯಲ್ಲಿ ಬಾವು ಬರಬಹುದು. ಗರ್ಭಕೊರಳಿನ ಕ್ಯಾನ್ಸರ್ ಚಿಕಿತ್ಸೆಯ ನಂತರ ಕಾಲುಗಳಲ್ಲಿ ಬರಬಹುದು. ಬಾವು ಕೆಲವು ತಿಂಗಳುಗಳಲ್ಲಿಯೇ ಕಾಣಿಸಬಹುದು. ಹಲವು ವರ್ಷಗಳ ತರುವಾಯವೂ ಕಾಣಿಸಬಹುದು.

2. ಆನೆಕಾಲು ರೋಗ: ಕ್ಯೂಲೆಕ್ಸ್ ಸೊಳ್ಳೆಯ ಕಡಿತದಿಂದ ಹರಡುವ ಫೈಲೇರಿಯಾ ಹುಳುಗಳು ದುಗ್ಧರಸ ನಾಳಗಳನ್ನು ಹಾನಿಗೊಳಿಸುತ್ತವೆ. ರಾಜ್ಯದಲ್ಲಿ ಕಲಬುರಗಿ, ಯಾದಗಿರಿ, ಬೀದರ್, ಬಾಗಲಕೋಟೆ ಮೊದಲಾದ ಉತ್ತರದ ಜಿಲ್ಲೆಗಳು ಹಾಗೂ ಕರಾವಳಿ ಜಿಲ್ಲೆಗಳು ಈ ರೋಗದ ಪ್ರದೇಶಗಳೆಂದು ಗುರುತಿಸಲ್ಪಟ್ಟಿವೆ. ಕೋಲಾರ ಜಿಲ್ಲೆಯು ಅವುಗಳ ಸಾಲಿಗೆ ಸೇರಿಲ್ಲ. ಆದಾಗ್ಯೂ ಆ ಪ್ರದೇಶಗಳಿಂದ ಕೆಲಸಕ್ಕಾಗಿ ಬಂದು ನೆಲೆಸಿದವರು ಕಾಲು ಬಾವು ಕಂಡಲ್ಲಿ ವೈದ್ಯರಿಗೆ ತಮ್ಮ ಮೂಲ ಊರನ್ನು ತಪ್ಪದೆ ತಿಳಿಸತಕ್ಕದ್ದು.

3. ಇತರೆ: ಹುಟ್ಟಿನಿಂದ ದುಗ್ಧರಸ ನಾಳಗಳ ಬೆಳವಣಿಗೆಯಲ್ಲಿ ಕೊರತೆ, ಪದೇ ಪದೇ ಬರುವ ಚರ್ಮದ ಸೋಂಕು, ತೀವ್ರ ಗಾಯ ಹಾಗೂ ಅತಿಯಾದ ಸ್ಥೂಲಕಾಯ.

ಹೃದಯ, ಮೂತ್ರಪಿಂಡ ಮತ್ತು ಯಕೃತ್ತಿನ ಕಾಯಿಲೆಗಳಲ್ಲಿಯೂ ಕಾಲು ಊದಿಕೊಳ್ಳುವುದರಿಂದ ವೈದ್ಯರ ತಪಾಸಣೆಯ ನಂತರವೇ ಚಿಕಿತ್ಸೆ ಆರಂಭಿಸತಕ್ಕದ್ದು. ಕಾಲು ಹಠಾತ್ತನೆ ಊದಿ ನೋವಾದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಂಭವವಿದ್ದು, ಅದೇ ದಿನ ಆಸ್ಪತ್ರೆಗೆ ತೆರಳುವುದು ಅವಶ್ಯಕ.

ಆರಂಭಿಕ ಲಕ್ಷಣಗಳು

1. ಕೈ ಅಥವಾ ಕಾಲು ಭಾರವೆನಿಸುವುದು, ಚರ್ಮ ಬಿಗಿದಂತಾಗುವುದು.
2. ಬಳೆ, ಉಂಗುರ, ಕಾಲುಂಗುರ, ರವಿಕೆಯ ತೋಳು ಅಥವಾ ಚಪ್ಪಲಿ ಒಂದೇ ಬದಿಯಲ್ಲಿ ಬಿಗಿಯಾಗುವುದು.
3. ಬೆರಳಿನಿಂದ ಒತ್ತಿದಾಗ ಗುಳಿ ಬೀಳುವುದು ಹಾಗೂ ರಾತ್ರಿ ಮಲಗಿ ಎದ್ದಾಗ ಬಾವು ಕಡಿಮೆಯಾಗಿರುವುದು.
4. ಕಾಲಿನ ಎರಡನೆಯ ಬೆರಳಿನ ಬುಡದ ಮೇಲ್ಭಾಗದ ಚರ್ಮವನ್ನು ಚಿವುಟಿ ಎತ್ತಲು ಸಾಧ್ಯವಾಗದಿರುವುದು.

ಆರಂಭದ ಹಂತದಲ್ಲಿ ಬಾವಿನಲ್ಲಿ ಹೆಚ್ಚಾಗಿ ದ್ರವವೇ ಇರುತ್ತದೆ. ಕಾಲಕ್ರಮೇಣ ಅಲ್ಲಿ ನಾರು ಮತ್ತು ಕೊಬ್ಬು ಬೆಳೆದು ಅಂಗವು ಗಟ್ಟಿಯಾಗುತ್ತದೆ. ಆಗ ಒತ್ತಿದರೂ ಗುಳಿ ಬೀಳುವುದಿಲ್ಲ. ಗಟ್ಟಿಯಾದ ನಂತರ ಬಾವನ್ನು ಇಳಿಸುವುದು ಕಷ್ಟಸಾಧ್ಯವಾದ್ದರಿಂದ ಮೊದಲ ಹಂತದಲ್ಲಿಯೇ ಚಿಕಿತ್ಸೆ ಪಡೆಯುವುದು ಅತ್ಯಗತ್ಯ.

ಫಿಸಿಯೋಥೆರಪಿ ಚಿಕಿತ್ಸೆಯ ಎರಡು ಹಂತಗಳು

ಮೊದಲನೆಯದು ಬಾವು ಇಳಿಸುವ ಹಂತ. ಇದು ಸಾಮಾನ್ಯವಾಗಿ 2ರಿಂದ 4 ವಾರಗಳ ಕಾಲ ನಡೆಯುತ್ತದೆ. ಎರಡನೆಯದು ಇಳಿದ ಬಾವು ಮತ್ತೆ ಏರದಂತೆ ಕಾಪಾಡುವ ಹಂತ. ಇದನ್ನು ರೋಗಿಯೇ ಮನೆಯಲ್ಲಿ ಜೀವನಪರ್ಯಂತ ಪಾಲಿಸಬೇಕಾಗುತ್ತದೆ. ಚಿಕಿತ್ಸೆಗೆ ಮುನ್ನ ಫಿಸಿಯೋಥೆರಪಿಸ್ಟರು ಎರಡೂ ಕೈ ಅಥವಾ ಕಾಲುಗಳ ಸುತ್ತಳತೆಯನ್ನು ಗೊತ್ತುಪಡಿಸಿದ ಅಂತರಗಳಲ್ಲಿ ಟೇಪಿನಿಂದ ಅಳೆದು ದಾಖಲಿಸುತ್ತಾರೆ. ಎರಡು ಬದಿಗಳ ನಡುವೆ 2 ಸೆಂ.ಮೀ.ಗಿಂತ ಹೆಚ್ಚಿನ ವ್ಯತ್ಯಾಸವನ್ನು ಸಾಮಾನ್ಯವಾಗಿ ಗಣನೀಯವೆಂದು ಪರಿಗಣಿಸಲಾಗುತ್ತದೆ.

ಚಿಕಿತ್ಸೆಯ ನಾಲ್ಕು ಅಂಗಗಳು ಈ ಕೆಳಕಂಡಂತಿವೆ.

1. ಚರ್ಮದ ಆರೈಕೆ: ಪ್ರತಿದಿನ ಸೋಪು ಮತ್ತು ಶುದ್ಧ ನೀರಿನಿಂದ ಅಂಗವನ್ನು ತೊಳೆದು, ಬೆರಳಸಂದುಗಳನ್ನೂ ಮಡಿಕೆಗಳನ್ನೂ ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಸಂದುಗಳಲ್ಲಿ ಬಿರುಕು ಅಥವಾ ಶಿಲೀಂಧ್ರ ಸೋಂಕು ಇದ್ದಲ್ಲಿ ವೈದ್ಯರು ಸೂಚಿಸಿದ ಮುಲಾಮನ್ನು ಹಚ್ಚಬೇಕು. ಒಣ ಚರ್ಮಕ್ಕೆ ಮೃದುಕಾರಿ ಲೇಪನ ಅಗತ್ಯ. ರೋಗಾಣುಗಳು ಒಳಪ್ರವೇಶಿಸುವುದು ಇಂತಹ ಸಣ್ಣ ಬಿರುಕುಗಳ ಮೂಲಕವೇ.

2. ದುಗ್ಧರಸ ಹರಿಸುವ ಮೃದು ಮಾಲೀಸು: ಇದು ಸಾಮಾನ್ಯ ಎಣ್ಣೆ ಮಾಲೀಸಿಗಿಂತ ಭಿನ್ನವಾದುದು. ಚರ್ಮವನ್ನು ಅತ್ಯಂತ ಹಗುರವಾಗಿ ಹಿಗ್ಗಿಸುತ್ತಾ, ಮೊದಲು ಕುತ್ತಿಗೆ ಹಾಗೂ ಬಾವಿಲ್ಲದ ಭಾಗವನ್ನು ತೆರವುಗೊಳಿಸಿ, ನಂತರ ಬಾವಿನ ದ್ರವವನ್ನು ಆ ಕಡೆಗೆ ಸರಿಸಲಾಗುತ್ತದೆ. ಬಾವಿರುವ ಅಂಗವನ್ನು ಬಲವಾಗಿ ತಿಕ್ಕುವುದು, ಶಾಖ ಕೊಡುವುದು, ಪಟ್ಟು ಹಾಕಿಸುವುದು ಅಪಾಯಕಾರಿ.

3. ಒತ್ತುಪಟ್ಟಿ: ಹತ್ತಿ ಅಥವಾ ಫೋಮಿನ ಮೆತ್ತೆಯ ಮೇಲೆ ಕಡಿಮೆ ಹಿಗ್ಗುವ ಬ್ಯಾಂಡೇಜನ್ನು ಹಲವು ಪದರಗಳಲ್ಲಿ ಸುತ್ತಲಾಗುತ್ತದೆ. ಪಾದ ಅಥವಾ ಅಂಗೈಯ ಬಳಿ ಒತ್ತಡ ಹೆಚ್ಚಿದ್ದು, ಮೇಲಕ್ಕೆ ಹೋದಂತೆ ಕಡಿಮೆಯಾಗಬೇಕು. ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ ಅಥವಾ ನೋವಾದರೆ ಕೂಡಲೇ ಬಿಚ್ಚತಕ್ಕದ್ದು. ಬಾವು ಇಳಿದ ನಂತರ ಅಳತೆಗೆ ತಕ್ಕ ಒತ್ತು ತೋಳುಚೀಲ ಅಥವಾ ಕಾಲುಚೀಲವನ್ನು ಹಗಲಿನಲ್ಲಿ ಧರಿಸಬೇಕು. ಇದರ ಬಿಗಿ ಕಾಲಕ್ರಮೇಣ ಸಡಿಲವಾಗುವುದರಿಂದ ಸುಮಾರು 6 ತಿಂಗಳಿಗೊಮ್ಮೆ ಬದಲಾಯಿಸಬೇಕಾಗುತ್ತದೆ.

4. ವ್ಯಾಯಾಮ: ದುಗ್ಧರಸವನ್ನು ತಳ್ಳಲು ಹೃದಯದಂತಹ ಪ್ರತ್ಯೇಕ ಅಂಗವಿಲ್ಲ. ಸ್ನಾಯುಗಳ ಚಲನೆ ಮತ್ತು ಉಸಿರಾಟ ಆ ಹರಿವಿಗೆ ನೆರವಾಗುತ್ತವೆ. ಆದ್ದರಿಂದ ಒತ್ತುಪಟ್ಟಿ ಧರಿಸಿಯೇ ಹಿಮ್ಮಡಿ ಎತ್ತಿ ಇಳಿಸುವುದು, ಮುಷ್ಟಿ ಬಿಗಿದು ಬಿಡುವುದು, ದೀರ್ಘ ಉಸಿರಾಟ ಹಾಗೂ ನಡಿಗೆಯನ್ನು ಮಾಡಬೇಕು. ಸ್ತನ ಕ್ಯಾನ್ಸರ್ ಚಿಕಿತ್ಸೆಯಾದವರು ಆ ಕೈಯಿಂದ ಭಾರ ಎತ್ತಲೇಬಾರದೆಂಬ ಭಾವನೆ ಹಿಂದೆ ಇತ್ತು. ಮೇಲ್ವಿಚಾರಣೆಯಲ್ಲಿ ಹಂತಹಂತವಾಗಿ ಹೆಚ್ಚಿಸುವ ಭಾರದ ವ್ಯಾಯಾಮದಿಂದ ಬಾವು ಹೆಚ್ಚುವುದಿಲ್ಲವೆಂದು 2009ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿದೆ.

ಚಿಕಿತ್ಸೆಯನ್ನು ತಡೆಹಿಡಿಯಬೇಕಾದ ಸಂದರ್ಭಗಳು

ಅಂಗವು ಕೆಂಪಾಗಿ, ಬಿಸಿಯಾಗಿ, ನೋವಿನೊಡನೆ ಚಳಿಜ್ವರ ಬಂದಲ್ಲಿ ಅದು ಸೋಂಕಿನ ಲಕ್ಷಣ. ಆಗ ಮಾಲೀಸು, ಪಟ್ಟಿ ಮತ್ತು ವ್ಯಾಯಾಮಗಳನ್ನು ನಿಲ್ಲಿಸಿ, ಅಂಗವನ್ನು ಎತ್ತರದಲ್ಲಿಟ್ಟು ವಿಶ್ರಾಂತಿ ಪಡೆದು, ತಣ್ಣೀರಿನ ಬಟ್ಟೆ ಹಾಕಿ, ವಿಳಂಬವಿಲ್ಲದೆ ವೈದ್ಯರನ್ನು ಕಾಣಬೇಕು. ಪ್ರತಿಯೊಂದು ಸೋಂಕೂ ಬಾವನ್ನು ಇನ್ನಷ್ಟು ಹೆಚ್ಚಿಸುವ ಸಂಭವವಿದೆ. ಹೃದಯ ವೈಫಲ್ಯ, ಕಾಲಿನ ರಕ್ತಸಂಚಾರದ ಕೊರತೆ ಅಥವಾ ಮಧುಮೇಹದಿಂದ ಸ್ಪರ್ಶಜ್ಞಾನ ಕುಂದಿರುವವರು ವೈದ್ಯರ ಅನುಮತಿಯಿಲ್ಲದೆ ಪಟ್ಟಿ ಕಟ್ಟಬಾರದು. ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ ಈ ಬಾವು ನಿವಾರಣೆಯಾಗುವುದಿಲ್ಲ.

ಕಾಸರಗೋಡು ಮತ್ತು ಕಲಬುರಗಿಯ ಅನುಭವ

ಕಾಸರಗೋಡಿನಲ್ಲಿ 1999ರಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಸಂಸ್ಥೆಯು ಡಾ. ಎಸ್.ಆರ್. ನರಹರಿಯವರ ನೇತೃತ್ವದಲ್ಲಿ, ಚರ್ಮದ ಶುಚಿತ್ವ, ಆಯುರ್ವೇದ, ಯೋಗ, ಮಾಲೀಸು ಹಾಗೂ ಒತ್ತುಪಟ್ಟಿಗಳನ್ನು ಒಗ್ಗೂಡಿಸಿದ ಚಿಕಿತ್ಸಾಕ್ರಮವನ್ನು ರೂಪಿಸಿತು. ಇದನ್ನು ಕಲಬುರಗಿ ಮತ್ತು ಕೇರಳದ ಆಲಪ್ಪುಳ ಜಿಲ್ಲೆಗಳ ಗ್ರಾಮೀಣ ರೋಗಿಗಳಿಗೆ ಶಿಬಿರಗಳ ಮೂಲಕ ಕಲಿಸಿ, ಅದರ ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಲಾಯಿತು. ಮನೆಯಲ್ಲಿಯೇ ಸ್ವಯಂ ಆರೈಕೆ ಕೈಗೊಂಡವರಲ್ಲಿ ಬಾವು ಇಳಿಯಿತು; ಸೋಂಕಿನ ಬಾಧೆಯೂ ಕಡಿಮೆಯಾಯಿತು.

ಮಾಸ್ತಿಯಂತಹ ಸ್ಥಳಗಳಿಗೆ ಈ ಅನುಭವ ಮುಖ್ಯವಾದುದು. ಕೂಲಿ ಬಿಟ್ಟು, ಬಸ್ಸಿನಲ್ಲಿ ಪ್ರತಿದಿನ ಕೋಲಾರಕ್ಕೋ ಬೆಂಗಳೂರಿಗೋ ಹೋಗಿಬರುವುದು ಅನೇಕ ಕುಟುಂಬಗಳಿಗೆ ಸಾಧ್ಯವಿಲ್ಲ. ಆದ್ದರಿಂದ ಮೊದಲ ಭೇಟಿಗಳಲ್ಲಿಯೇ ರೋಗಿಯೊಡನೆ ಮನೆಯ ಸದಸ್ಯರೊಬ್ಬರು ತೆರಳಿ, ಪಟ್ಟಿ ಸುತ್ತುವ ವಿಧಾನ ಮತ್ತು ಮೃದು ಮಾಲೀಸನ್ನು ಕಲಿತುಕೊಳ್ಳುವುದು ಸೂಕ್ತ. ಹೀಗೆ ಕಲಿತಲ್ಲಿ ಆಸ್ಪತ್ರೆಯ ಭೇಟಿಗಳನ್ನು ಅಳತೆ ಮತ್ತು ಪರಿಶೀಲನೆಗೆ ಸೀಮಿತಗೊಳಿಸಬಹುದು.

ಸೇವೆ ಪಡೆಯುವ ವಿಧಾನ

1. ಮೊದಲಿಗೆ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಗಳಿಂದ ತಪಾಸಣೆ ಮಾಡಿಸತಕ್ಕದ್ದು. ಆಶಾ ಕಾರ್ಯಕರ್ತೆಯರ ನೆರವನ್ನು ಪಡೆಯಬಹುದು. ಫೈಲೇರಿಯಾ ಶಂಕೆಯಿದ್ದಲ್ಲಿ ರಾತ್ರಿ ವೇಳೆ ರಕ್ತಲೇಪನ ಪರೀಕ್ಷೆ ಮಾಡಲಾಗುತ್ತದೆ.

2. ಅಗತ್ಯವಿದ್ದಲ್ಲಿ ವೈದ್ಯಾಧಿಕಾರಿಗಳಿಂದ ಶಿಫಾರಸು ಪತ್ರ ಪಡೆದು ಮಾಲೂರಿನ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ ಅಥವಾ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೆ ತೆರಳಬಹುದು. ಲಿಂಫೆಡಿಮಾ ಚಿಕಿತ್ಸೆಯ ವಿಶೇಷ ತರಬೇತಿ ಎಲ್ಲ ಫಿಸಿಯೋಥೆರಪಿಸ್ಟರಿಗೂ ಇರುವುದಿಲ್ಲವಾದ್ದರಿಂದ ಮುಂಚಿತವಾಗಿ ವಿಚಾರಿಸುವುದು ಒಳಿತು.

3. ಕ್ಯಾನ್ಸರ್ ಚಿಕಿತ್ಸೆ ಪಡೆದವರು ತಾವು ಚಿಕಿತ್ಸೆ ಪಡೆದ ಆಸ್ಪತ್ರೆಯಲ್ಲಿ ಅಥವಾ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ವಿಚಾರಿಸಬಹುದು. ಶಸ್ತ್ರಚಿಕಿತ್ಸೆಯ ದಾಖಲೆಗಳನ್ನು ಜೊತೆಯಲ್ಲಿ ಒಯ್ಯತಕ್ಕದ್ದು.

4. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಸೌಲಭ್ಯ ಕೋರುವವರು ಆಧಾರ್ ಮತ್ತು ಪಡಿತರ ಚೀಟಿಯನ್ನು ಹಾಜರುಪಡಿಸಬೇಕು. ಒತ್ತುಪಟ್ಟಿ, ಒತ್ತುಚೀಲಗಳ ವೆಚ್ಚ ಯಾವ ಪ್ಯಾಕೇಜಿಗೆ ಒಳಪಡುತ್ತದೆ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರಿಂದ ಖಚಿತಪಡಿಸಿಕೊಳ್ಳಬೇಕು.

ಅಂಗವಿಕಲತೆಯ ಪ್ರಮಾಣಪತ್ರ

ಬಾವಿನಿಂದ ಅಂಗದ ಚಲನೆಗೆ ಶಾಶ್ವತ ಅಡ್ಡಿಯುಂಟಾಗಿದ್ದಲ್ಲಿ, ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಅನ್ವಯ ಮೌಲ್ಯಮಾಪನ ಕೋರಿ ಯು.ಡಿ.ಐ.ಡಿ. ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ಭಾವಚಿತ್ರ, ಆಧಾರ್, ವಿಳಾಸದ ದಾಖಲೆ ಮತ್ತು ಚಿಕಿತ್ಸಾ ದಾಖಲೆಗಳು ಅವಶ್ಯಕ. ವೈದ್ಯಕೀಯ ಪ್ರಾಧಿಕಾರವು ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣವನ್ನು ದೃಢೀಕರಿಸಿದಲ್ಲಿ, ಇತರೆ ನಿಬಂಧನೆಗಳಿಗೆ ಒಳಪಟ್ಟು, ಮಾಸಾಶನಕ್ಕಾಗಿ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಅರ್ಜಿ ಭರ್ತಿ ಮಾಡಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಸಂಪರ್ಕಿಸಬಹುದು. ಬಾವು ಇದೆಯೆಂಬ ಕಾರಣ ಮಾತ್ರಕ್ಕೆ ಪ್ರಮಾಣಪತ್ರ ದೊರೆಯುವುದಿಲ್ಲ. ಅಂಗದ ಕಾರ್ಯಕ್ಷಮತೆ ಎಷ್ಟು ಕುಂದಿದೆ ಎಂಬುದೇ ಮುಖ್ಯ ಮಾನದಂಡ.

ಸಾರ್ವಜನಿಕರ ಗಮನಕ್ಕೆ

1. ಹೊಲ, ತೋಟ, ಕೊಟ್ಟಿಗೆಗಳಲ್ಲಿ ಕೆಲಸ ಮಾಡುವಾಗ ಪಾದರಕ್ಷೆ ಧರಿಸುವುದು. ಬಾವಿರುವ ಕೈಗೆ ಕೈಗವಸು ಹಾಕುವುದು.
2. ಗಾಯ, ಸುಟ್ಟಗಾಯ, ಮುಳ್ಳುಚುಚ್ಚು ಎಷ್ಟೇ ಚಿಕ್ಕದಾದರೂ ತೊಳೆದು ಔಷಧ ಹಚ್ಚುವುದು.
3. ದೇಹದ ತೂಕವನ್ನು ಮಿತಿಯಲ್ಲಿಡುವುದು.
4. ಬಹುಕಾಲ ಕಾಲು ಇಳಿಬಿಟ್ಟು ಕೂರದಿರುವುದು. ಮಲಗುವಾಗ ಅಂಗವನ್ನು ದಿಂಬಿನ ಮೇಲಿಡುವುದು.
5. ತಿಂಗಳಿಗೊಮ್ಮೆ ಅದೇ ಸ್ಥಳಗಳಲ್ಲಿ ಸುತ್ತಳತೆ ತೆಗೆದು ಬರೆದಿಡುವುದು. ಅಳತೆ ಹೆಚ್ಚಾದಲ್ಲಿ ಮುಂದಿನ ಭೇಟಿಯ ದಿನಾಂಕಕ್ಕಾಗಿ ಕಾಯದೆ ಫಿಸಿಯೋಥೆರಪಿಸ್ಟರನ್ನು ಕಾಣುವುದು.

ಲಿಂಫೆಡಿಮಾ ಒಬ್ಬರಿಂದ ಮತ್ತೊಬ್ಬರಿಗೆ ಸ್ಪರ್ಶದಿಂದ ಹರಡುವುದಿಲ್ಲ. ಬಾವಿರುವವರನ್ನು ಊಟ, ಮದುವೆ, ಕೆಲಸಗಳಿಂದ ದೂರವಿಡುವುದಕ್ಕೆ ಯಾವ ಆಧಾರವೂ ಇಲ್ಲ. ಕುಟುಂಬದವರ ಸಹಕಾರವಿದ್ದಲ್ಲಿ ಮಾತ್ರ ಪ್ರತಿದಿನದ ಆರೈಕೆ ತಪ್ಪದೆ ನಡೆಯಲು ಸಾಧ್ಯ.