ಬೆಲೆ ಹೇಳುವ ಬಾಯಿ

ದಲಿತರಿಗೆ ವ್ಯಾಪಾರದ ಬುದ್ಧಿ ಇಲ್ಲ ಎಂಬ ಮಾತು ಊರ ಕಟ್ಟೆಯಿಂದ ಹಿಡಿದು ಬ್ಯಾಂಕಿನ ಮೇಜಿನವರೆಗೆ ಓಡಾಡುತ್ತದೆ. 'ನೌಕರಿ ಬಿಟ್ಟರ ಇವರಿಗೆ ಬ್ಯಾರೆ ಗೊತ್ತಿಲ್ರಿ, ಅಂಗಡಿ ಇಟ್ಟರ ಆರು ತಿಂಗಳದಾಗ ಬಾಗಲಾ ಹಾಕತಾರ' ಅನ್ನುತ್ತಾರೆ. ನಮ್ಮ ಹುಡುಗರಲ್ಲೂ ಕೆಲವರು ಇದನ್ನು ನಂಬಿಬಿಟ್ಟಿದ್ದಾರೆ. ಹಾಗಾದರೆ ಈ 'ಬುದ್ಧಿ' ಎಂಬುದು ಯಾರ ಹತ್ತಿರ ಹೇಗೆ ಬಂತು, ಯಾರಿಂದ ಹೇಗೆ ದೂರ ಉಳಿಯಿತು ಎಂಬ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಬೇಕು.

ಹೂಲಿಯಿಂದಲೇ ಶುರು ಮಾಡೋಣ. ಸವದತ್ತಿಗೆ ಹತ್ತಿರದ, ಗುಡ್ಡದ ಬುಡದ ಊರು. ಚಾಲುಕ್ಯರ ಕಾಲದ ಪಂಚಲಿಂಗೇಶ್ವರ ಗುಡಿ ಅಲ್ಲಿದೆ. ಶಾಸನಗಳು ಈ ಊರನ್ನು ಪೂಲಿ ಎಂದು ಕರೆಯುತ್ತವೆ, ಇಲ್ಲಿಯ ಸಾವಿರ ಮಹಾಜನರ ವಿದ್ಯೆಯನ್ನು ಬಾಯಿತುಂಬ ಹೊಗಳುತ್ತವೆ. ಅದೇ ಕಾಲಕ್ಕೆ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ನಾಡಿನುದ್ದಕ್ಕೂ ವ್ಯಾಪಾರ ನಡೆಸುತ್ತಿತ್ತು. 1088ರ ಇವರದೊಂದು ಶಾಸನ ಸುಮಾತ್ರಾದಲ್ಲಿಯೂ ಸಿಕ್ಕಿದೆ. ಸಮುದ್ರ ದಾಟಿದ ವ್ಯಾಪಾರ! ನಮ್ಮ ಪಠ್ಯಪುಸ್ತಕಗಳು ಇಲ್ಲಿಗೆ ನಿಂತು ಚಪ್ಪಾಳೆ ತಟ್ಟುತ್ತವೆ. ಆದರೆ ಹೇರೆತ್ತಿಗೆ ಮಿಣಿ ಬೇಕಲ್ಲ? ನಡೆಯುವವನಿಗೆ ಕೆರ ಬೇಕು, ದಾರಿಯಲ್ಲಿ ನೀರಿಗೆ ತೊಗಲಿನ ಚೀಲ ಬೇಕು. ಇವನ್ನು ಮಾಡಿದ ಕೈಗಳಿಗೆ ಆ ಲಾಭದಲ್ಲಿ ಏನು ಸಂದಿತು ಎಂದು ಯಾವ ಪಾಠವೂ ಕೇಳುವುದಿಲ್ಲ.

ಆ ಕೈಗಳಿಗೆ ಹಳ್ಳಿಯಲ್ಲಿ ಇದ್ದದ್ದು ಆಯ. ಇವತ್ತಿನ ವಿದ್ಯಾರ್ಥಿಗಳಿಗೆ ಇದು ಗೊತ್ತಿರಲಿಕ್ಕಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇವೆ. ಮಾದರವನು ವರ್ಷವಿಡೀ ಒಕ್ಕಲಿಗನ ಮನೆಗೆ ಮಿಣಿ, ಬಾರುಕೋಲು, ಬಾವಿಯಿಂದ ನೀರೆತ್ತುವ ಕಪಿಲೆಗೆ ತೊಗಲಿನ ಚೀಲ ಒದಗಿಸಬೇಕು, ಹರಿದರೆ ಹೊಲಿಯಬೇಕು. ಸುಗ್ಗಿಯಲ್ಲಿ ಕಣದ ಹೊರಗೆ ಸೆರಗೊಡ್ಡಿ ನಿಂತರೆ ಜೋಳ ಬೀಳುತ್ತದೆ. ಎಷ್ಟು ಬೀಳುತ್ತದೆ? ಊರ ರೂಢಿ ಒಂದು ಅಳತೆ ಹೇಳುತ್ತದೆ, ಮಳೆ ಒಂದು ಹೇಳುತ್ತದೆ, ಅಳೆಯುವವನ ಮನಸ್ಸು ಇನ್ನೊಂದು ಹೇಳುತ್ತದೆ. ಒಂದು ಮಿಣಿಗೆ ಇಷ್ಟು ಎಂಬ ಲೆಕ್ಕ ಮಾತ್ರ ಎಲ್ಲಿಯೂ ಬರುವುದಿಲ್ಲ. ವ್ಯಾಪಾರದ ಬುದ್ಧಿ ಅಂದರೆ ಏನು ಮಹಾ? ಮಾಡಿದ ಮಾಲಿಗೆ ಬೆಲೆ ಹೇಳುವುದು, ಬೆಲೆ ಕೂಡದಿದ್ದರೆ 'ಆಗೂದಿಲ್ಲ, ಮುಂದ ಹೋಗ್ರಿ' ಅನ್ನುವುದು. ಆಯದವನು ಹಾಗೆ ಅಂದರೆ ಅದು ವ್ಯಾಪಾರ ಅನಿಸಿಕೊಳ್ಳುತ್ತಿರಲಿಲ್ಲ, ಊರಿಗೆ ಎದುರುಬಿದ್ದ ಅಪರಾಧ ಅನಿಸಿಕೊಳ್ಳುತ್ತಿತ್ತು. ಕಲ್ಯಾಣದ ಕತೆಯಲ್ಲಿ ಸಮಗಾರ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಕೆರ ಹೊಲಿದರು. ಕತೆಯಲ್ಲಿಯೂ ನಮ್ಮ ಕೆರಕ್ಕೆ ಭಕ್ತಿ ಸಿಕ್ಕಿತೇ ಹೊರತು ಬೆಲೆ ಸಿಗಲಿಲ್ಲ.

ಬ್ರಿಟಿಷರು ಬಂದು ಇದನ್ನು ಬಿಡಿಸಿದರೇ? ಗಂಟು ಬಿಗಿ ಮಾಡಿದರು. ಬೆಳಗಾವಿ ಆಗ ಮುಂಬಯಿ ಪ್ರಾಂತದಲ್ಲಿತ್ತು. 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ಊರ ಚಾಕರಿಯ ಹೊಲೆಯ-ಮಹಾರರನ್ನು ವತನಕ್ಕೆ ಕಟ್ಟಿಹಾಕಿತು. ಒಂದು ತುಂಡು ಇನಾಮು ಭೂಮಿ, ಮೇಲೆ ಆಯ. ಅದಕ್ಕೆ ಪ್ರತಿಯಾಗಿ ಸರಕಾರ ಕರೆದ ಹೊತ್ತಿಗೆ ಇಡೀ ಮನೆ ಓಡಬೇಕು. ಸಂತೆಯ ದಿನ ತನ್ನದು ಎಂದು ಹೇಳಿಕೊಳ್ಳಲಾರದವನು ಅಂಗಡಿ ಹೇಗೆ ಇಟ್ಟಾನು? 1925ರಲ್ಲಿ ನಮ್ಮ ನಿಪ್ಪಾಣಿಯ ಪರಿಷತ್ತಿಗೆ ಬಂದಿದ್ದ ಡಾ. ಅಂಬೇಡ್ಕರರು 1928ರಲ್ಲಿ ಈ ಕಾಯಿದೆಯ ತಿದ್ದುಪಡಿಗೆ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಸೂದೆ ತಂದರು. ಅದು ಪಾಸಾಗಲಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರ ಫೆಬ್ರುವರಿ 1ಕ್ಕೆ. ಅಂದರೆ ಕಾಯಿದೆಯ ಲೆಕ್ಕದಲ್ಲಿ ನಮಗೆ 'ಇಲ್ಲ' ಅನ್ನುವ ಬಾಯಿ ಬಂದು ಒಂದು ಮನುಷ್ಯನ ಆಯುಷ್ಯದಷ್ಟೂ ಆಗಿಲ್ಲ.

ಓದಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಅಂಬೇಡ್ಕರರ ಬದುಕಿನ ಇನ್ನೊಂದು ಪುಟವನ್ನೂ ನೋಡಲಿ. ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ ಬಂದ ಮೇಲೆ, ಬರೋಡಾದ ನೌಕರಿ ಬಿಟ್ಟು ಬಂದು, ಅವರು ಮುಂಬಯಿಯಲ್ಲಿ ಬಂಡವಾಳ ಹೂಡುವವರಿಗೆ ಸಲಹೆ ಕೊಡುವ ಸಣ್ಣ ವ್ಯವಹಾರ ತೆರೆದಿದ್ದರು. ಸಲಹೆ ಕೊಡುವವನ ಜಾತಿ ಗೊತ್ತಾದ ಕೂಡಲೇ ಗಿರಾಕಿಗಳು ಹೋದರು, ವ್ಯವಹಾರ ಮುಚ್ಚಿತು. ಇಲ್ಲಿ ಬುದ್ಧಿಗೆ ಏನು ಕಡಿಮೆಯಾಗಿತ್ತು?

ಮುಟ್ಟಿನ ಲೆಕ್ಕ ಇನ್ನೂ ವಿಚಿತ್ರ. ನಾವು ಮಾಡಿದ ಕೆರ, ಕಸಬರಿಗೆ, ಹಗ್ಗ ಊರಿಗೆ ಬೇಕು. ನಾವು ಕಾಸಿದ ಚಹಾ ಬೇಡ, ನಾವು ಕರೆದ ಹಾಲು ಬೇಡ. ಹಳ್ಳಿಯಲ್ಲಿ ದಿನಾ ರೊಕ್ಕ ತಿರುಗುವ ವ್ಯಾಪಾರವೆಂದರೆ ಚಹಾ, ಹಾಲು, ಊಟ, ಕಿರಾಣಿ. ಅಲ್ಲಿಂದಲೇ ನಮ್ಮನ್ನು ಹೊರಗಿಟ್ಟು, ವರ್ಷಕ್ಕೊಮ್ಮೆ ಕೊಳ್ಳುವ ಮಾಲನ್ನು ನಮಗೆ ಬಿಟ್ಟರು.

ಆ ಕೆರದ ಕತೆಯನ್ನೇ ತಗೊಳ್ಳಿ. ನಮ್ಮ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆಯ ಸಮಗಾರರು ಹೊಲಿದ ಚಪ್ಪಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಊರೂರು ತಿರುಗಿತು. ತೊಗಲನ್ನು ಸುಣ್ಣದಲ್ಲಿ ನೆನೆಸಿ, ಚೀಲದ ಹಾಗೆ ಹೊಲಿದು, ಒಳಗೆ ಜಾಲಿ ತೊಗಟೆ-ಅಳಲೆಕಾಯಿಯ ನೀರು ತುಂಬಿ ತೂಗುಹಾಕಿ ಹದ ಮಾಡುವ ವಿದ್ಯೆ ಇದು. ಮೊಳೆ ಹೊಡೆಯುವುದಿಲ್ಲ, ತೊಗಲಿನ ದಾರದಲ್ಲೇ ಹೊಲಿಗೆ. ಹೆಣೆಯುವ ಕೆಲಸ ಬಹುಪಾಲು ಹೆಣ್ಣುಮಕ್ಕಳದು. 2019ರ ಹೊತ್ತಿಗೆ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿ ತೋರಿಸಿತು, ಮೂಲದವರ ಹೆಸರು ಎತ್ತಲಿಲ್ಲ. ಗದ್ದಲವಾದ ಮೇಲೆ ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ನಿಗಮದೊಡನೆ ಒಪ್ಪಂದವಾಗಿ 2,000 ಜೋಡಿ ಮಾಡಿಸುವುದೆಂದೂ, ಜೋಡಿಗೆ ಸುಮಾರು 800 ಯೂರೋ ಎಂದೂ ಪ್ರಕಟವಾಯಿತು. ನಮ್ಮ ರೊಕ್ಕದಲ್ಲಿ 80 ಸಾವಿರಕ್ಕೂ ಮೇಲೆ. ಬೆಲೆ ಬಂತು ನೋಡ್ರಿ ಕಡೀಕೆ; ಹೇಳಿದ ಬಾಯಿ ಮಾತ್ರ ಮಿಲಾನಿನದು.

ಸರಕಾರ ಏನೂ ಮಾಡಿಲ್ಲ ಎಂದು ನಾವು ಹೇಳುವುದಿಲ್ಲ. ಲಿಡ್ಕರ್ 1976ರಿಂದ ಇದೆ. ಗುತ್ತಿಗೆಯಲ್ಲಿ ಮೀಸಲಾತಿ ಬಂತು, ಅದು ಹೋರಾಟದಿಂದಲೇ ಬಂದದ್ದು. ಆದರೆ 2016ರಲ್ಲಿ ಡಂಗುರ ಹೊಡೆದು ತಂದ ಸ್ಟ್ಯಾಂಡ್ ಅಪ್ ಇಂಡಿಯಾ ಸಾಲ 10 ಲಕ್ಷದಿಂದ ಶುರುವಾಗುತ್ತಿತ್ತು. ಹತ್ತು ಜೋಡಿಗೆ ತೊಗಲು ತರಲು ರೊಕ್ಕ ಬೇಕಾದವನಿಗೆ ಆ ಬಾಗಿಲು ಬಲು ಎತ್ತರ. ಮುದ್ರಾ ಸಾಲ ಸಣ್ಣದೇ, ಆದರೆ ಸಂತೆಯ ನೆಲದ ಮೇಲೆ ಗೋಣಿ ಹಾಸಿ ಕೂತವನ ಹತ್ತಿರ ಯಾವ ಕಾಗದ ಇರುತ್ತದೆ? ಅವನು ತೊಗಲಿನ ಸಾವುಕಾರನ ಹತ್ತಿರ ಹೋಗುತ್ತಾನೆ. ಸಾವುಕಾರ ತೊಗಲನ್ನು ಉದ್ರಿ ಕೊಡುತ್ತಾನೆ, ಹೊಲಿದ ಜೋಡನ್ನು ತಾನೇ ಎತ್ತಿಕೊಳ್ಳುತ್ತಾನೆ, ಇಷ್ಟು ಎಂದು ತಾನೇ ಹೇಳುತ್ತಾನೆ.

ಹೂಲಿ, ಸವದತ್ತಿ, ಬೈಲಹೊಂಗಲ, ರಾಮದುರ್ಗ ಕಡೆಯ ಮಾಸ್ತರರಲ್ಲಿ, ಕಾಲೇಜು ಗೆಳೆಯರಲ್ಲಿ ಒಂದು ಕೆಲಸ ಕೇಳುತ್ತೇವೆ. ಸಂತೆಯ ದಿನ ಕೆರ ಮಾರುವವರ ಹತ್ತಿರ ಕುಂತು ಬರೆದುಕೊಳ್ಳಿರಿ: ತೊಗಲು ಯಾರದು, ಉದ್ರಿ ಎಷ್ಟು, ಬಡ್ಡಿ ಎಷ್ಟು, ಬೆಲೆ ಹೇಳಿದವರು ಯಾರು. ಹೆಸರು ಬೇಡ, ಲೆಕ್ಕ ಸಾಕು. ಕಳಿಸಿಕೊಡಿರಿ, ಅಚ್ಚು ಹಾಕುತ್ತೇವೆ.