ರಾಬರ್ಟ್ ಸಿ. ಬರ್ಡ್

ರಾಬರ್ಟ್ ಕಾರ್ಲೈಲ್ ಬರ್ಡ್ (1917–2010): ಅಮೆರಿಕದ ವೆಸ್ಟ್ ವರ್ಜೀನಿಯ ರಾಜ್ಯದ ಸೆನೆಟರ್, ಡೆಮಾಕ್ರಟಿಕ್ ಪಕ್ಷದ ನಾಯಕ. 1959ರ ಜನವರಿ 3ರಿಂದ 2010ರ ಜೂನ್ 28ರಂದು ತೀರಿಕೊಳ್ಳುವವರೆಗೆ, ಐವತ್ತೊಂದು ವರ್ಷಕ್ಕೂ ಮಿಕ್ಕಿ ಸೆನೆಟ್ಟಿನಲ್ಲಿದ್ದರು. ಅಷ್ಟು ಕಾಲ ಅಲ್ಲಿ ಕುಳಿತವರು ಮತ್ತೊಬ್ಬರಿಲ್ಲ. ತವರು ರಾಜ್ಯಕ್ಕೆ ಕೇಂದ್ರದ ಹಣ ತರಬೇಕು. ಆ ಹಣದ ಕೀಲಿ ಅಧ್ಯಕ್ಷರ ಕೈಗೆ ಹೋಗದೆ ಜನಪ್ರತಿನಿಧಿಗಳ ಕೈಯಲ್ಲೇ ಉಳಿಯಬೇಕು. ಅವರ ರಾಜಕೀಯವೆಲ್ಲ ಈ ಎರಡು ಹಟಗಳ ಸುತ್ತ ಬೆಳೆಯಿತು.

ಹುಟ್ಟಿದ್ದು ನಾರ್ತ್ ಕ್ಯಾರೊಲಿನದಲ್ಲಿ. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ತಾಯಿ ತೀರಿಕೊಂಡ ಮೇಲೆ ಕೂಸನ್ನು ಸೋದರತ್ತೆಯೂ ಆಕೆಯ ಗಂಡನೂ ಸಾಕಿಕೊಂಡು ಬರ್ಡ್ ಎಂಬ ಹೆಸರು ಕೊಟ್ಟರು. ಬೆಳೆದದ್ದು ವೆಸ್ಟ್ ವರ್ಜೀನಿಯದ ದಕ್ಷಿಣ ಭಾಗದ ಕಲ್ಲಿದ್ದಲ ಗಣಿ ಊರುಗಳಲ್ಲಿ. ಪೆಟ್ರೋಲ್ ಬಂಕು, ಮಾಂಸದಂಗಡಿ, ಯುದ್ಧಕಾಲದ ಹಡಗುಕಟ್ಟೆಯ ವೆಲ್ಡಿಂಗ್ ಹೀಗೆ ಸಿಕ್ಕ ಕೆಲಸವನ್ನೆಲ್ಲ ಮಾಡಿದರು. ಪಿಟೀಲು ನುಡಿಸುತ್ತಿದ್ದರು, ಚುನಾವಣಾ ಸಭೆಗಳಿಗೂ ಅದು ಜೊತೆಗಿರುತ್ತಿತ್ತು. ಕಾನೂನು ಪದವಿ ಪಡೆದದ್ದು ಸೆನೆಟರ್ ಆದ ಮೇಲೆ, 1963ರಲ್ಲಿ.

ನಮ್ಮ ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನ, ಉತ್ತರ ಪ್ರದೇಶಕ್ಕೆ 31. ಅಮೆರಿಕದ ಸೆನೆಟ್ಟಿನಲ್ಲಿ ಹಾಗಿಲ್ಲ. ಇಪ್ಪತ್ತು ಲಕ್ಷ ಜನರೂ ಇಲ್ಲದ ವೆಸ್ಟ್ ವರ್ಜೀನಿಯಕ್ಕೂ ಕ್ಯಾಲಿಫೋರ್ನಿಯಕ್ಕೂ ಇಬ್ಬಿಬ್ಬರೇ. ಬಡ ರಾಜ್ಯವೊಂದಕ್ಕೆ ಇದು ಎಂಥ ಆಸರೆ ಎಂಬುದನ್ನು ಬರ್ಡ್ ಬಲ್ಲಷ್ಟು ಬಲ್ಲವರು ವಿರಳ. 1989ರಲ್ಲಿ ಅವರು ಬಹುಮತ ಪಕ್ಷದ ನಾಯಕನ ಪಟ್ಟವನ್ನು ತಾವಾಗಿಯೇ ಬಿಟ್ಟು ಧನವಿನಿಯೋಗ ಸಮಿತಿಯ ಅಧ್ಯಕ್ಷರಾದರು. ಕೀರ್ತಿ ಮೊದಲ ಕುರ್ಚಿಯಲ್ಲಿ, ಹಣ ಎರಡನೆಯದರಲ್ಲಿ. ರಾಜ್ಯಕ್ಕೆ ನೂರು ಕೋಟಿ ಡಾಲರ್ ತರುವೆನೆಂದು ಮಾತು ಕೊಟ್ಟು, ಗಡುವಿಗೆ ಮುನ್ನವೇ ತಂದರು.

ಅವರ ಪ್ರಯತ್ನದಿಂದ ಎಫ್‌ಬಿಐನ ಬೆರಳಚ್ಚು ದಾಖಲೆಗಳ ಕೇಂದ್ರ ವಾಷಿಂಗ್ಟನ್ ಬಿಟ್ಟು ರಾಜ್ಯದ ಕ್ಲಾರ್ಕ್ಸ್‌ಬರ್ಗ್ ಎಂಬ ಪುಟ್ಟ ಊರಿಗೆ ಬಂತು. 1988ರ ನವೆಂಬರಿನ ಒಂದು ರಾತ್ರಿ ಅದೇ ರಾಜ್ಯದ ಗ್ರೀನ್ ಬ್ಯಾಂಕಿನ ದೊಡ್ಡ ರೇಡಿಯೊ ದೂರದರ್ಶಕ ಇದ್ದಕ್ಕಿದ್ದಂತೆ ಕುಸಿದು ಬಿದ್ದಾಗ, ಅದೇ ಊರಿನಲ್ಲಿ ಹೊಸದನ್ನು ಕಟ್ಟಲು ಹಣ ಕೊಡಿಸಿದವರು ಅವರೇ. 2000ದಲ್ಲಿ ಉದ್ಘಾಟನೆಯಾದ, ನೂರು ಮೀಟರ್ ಅಗಲದ ಆ ದೂರದರ್ಶಕಕ್ಕೆ ಇಂದು ಬರ್ಡ್ ಹೆಸರಿದೆ. ಯಾವ ದಿಕ್ಕಿಗೂ ತಿರುಗಿಸಬಲ್ಲ ರೇಡಿಯೊ ದೂರದರ್ಶಕಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೂ ಬಳಕೆಗೆ ಬಂದಿಲ್ಲ. ಬೆಟ್ಟ ಕಡಿದು ಮಾಡಿದ ಹೆದ್ದಾರಿಗಳು, ಸೇತುವೆಗಳು, ಶಾಲೆಗಳು ಹೀಗೆ ಹತ್ತಾರು ಕಡೆ ಅವರ ಹೆಸರೇ. ಜನರ ತೆರಿಗೆಯನ್ನು ಒಂದೇ ರಾಜ್ಯಕ್ಕೆ ಸುರಿದರೆಂಬ ಟೀಕೆ ಜೀವನವಿಡೀ ಬೆನ್ನಟ್ಟಿತು. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಕಲ್ಲಿದ್ದಲು ಹೊರಗೆ ಹೋಗಿ, ಲಾಭವೂ ಅದರ ಹಿಂದೆಯೇ ಹೋದ ಗುಡ್ಡಗಾಡಿಗೆ ರಸ್ತೆ ಐಷಾರಾಮವಾಗಿರಲಿಲ್ಲ.

ರಾಷ್ಟ್ರಮಟ್ಟದಲ್ಲಿ ಅವರ ದೊಡ್ಡ ಹೋರಾಟ ಇದೇ ಬೊಕ್ಕಸದ ಕುರಿತದ್ದು. ಮುಂಗಡಪತ್ರದ ತಮಗೆ ಬೇಡವಾದ ಬಾಬುಗಳನ್ನಷ್ಟೇ ಹೊಡೆದುಹಾಕುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡುವ ಮಾತು ಬಂದಾಗ, 1993ರಲ್ಲಿ ರೋಮ್‌ನ ಸೆನೆಟ್ ತನ್ನ ಅಧಿಕಾರವನ್ನು ತಾನೇ ಕಳೆದುಕೊಂಡ ಬಗೆಯ ಮೇಲೆ ಹದಿನಾಲ್ಕು ಭಾಷಣ ಮಾಡಿದರು. 1996ರಲ್ಲಿ ಕಾನೂನು ಬಂದೇಬಿಟ್ಟಿತು. ಅದರ ವಿರುದ್ಧ ದಾವೆ ಹೂಡಿದ ಬರ್ಡ್ ಮತ್ತು ಸಂಗಡಿಗರಿಗೆ ಆ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿತು. ಮರುವರ್ಷ ಬೇರೊಂದು ಪ್ರಕರಣದಲ್ಲಿ ಅದೇ ಕೋರ್ಟ್ ಆ ಕಾನೂನನ್ನು ರದ್ದುಮಾಡಿತು. 2002ರಲ್ಲಿ ಇರಾಕ್ ಮೇಲೆ ಬಲಪ್ರಯೋಗಕ್ಕೆ ಅಧ್ಯಕ್ಷ ಬುಷ್ ಅವರಿಗೆ ಅನುಮತಿ ಕೊಡುವ ನಿರ್ಣಯಕ್ಕೆ ಎದುರಾಗಿ ಬಿದ್ದ 23 ಮತಗಳಲ್ಲಿ ಬರ್ಡ್ ಮತವೂ ಒಂದು. ಯುದ್ಧ ಸಾರುವ ಹೊಣೆಯನ್ನು ಸಂವಿಧಾನ ಶಾಸಕಾಂಗಕ್ಕೆ ಕೊಟ್ಟಿದೆ ಎಂಬುದೇ ಅವರ ವಾದವಾಗಿತ್ತು.

ಭಾರತದವರೆಗೂ ಬಂದ ಒಂದು ಕಾನೂನು ಅವರದು. ಕಡಿಮೆ ಬೆಲೆಗೆ ತಂದು ಸುರಿದ ವಿದೇಶಿ ಸರಕಿನ ಮೇಲೆ ವಸೂಲಾದ ಸುಂಕವನ್ನು, ದೂರು ಕೊಟ್ಟ ಅಮೆರಿಕದ ಕಂಪನಿಗಳಿಗೇ ಹಂಚಬೇಕೆಂದು 2000ದ ‘ಬರ್ಡ್ ತಿದ್ದುಪಡಿ’ ಹೇಳಿತು. ತವರಿನ ಉಕ್ಕಿನ ಕಾರ್ಖಾನೆಗಳನ್ನು ಉಳಿಸುವ ಕಾಳಜಿ ಇದರ ಹಿಂದಿತ್ತು. ಭಾರತ, ಜಪಾನ್, ಯುರೋಪ್ ಮೊದಲಾದವು ವಿಶ್ವ ವ್ಯಾಪಾರ ಸಂಸ್ಥೆಗೆ ಹೋಗಿ 2003ರಲ್ಲಿ ಗೆದ್ದವು. 2006ರಲ್ಲಿ ಕಾನೂನು ರದ್ದಾಯಿತು.

ಅವರ ಬದುಕಿನ ಕಪ್ಪು ಅಧ್ಯಾಯ ಜನಾಂಗಭೇದದ್ದು. 1940ರ ದಶಕದ ಆರಂಭದಲ್ಲಿ ಬಿಳಿಯರ ಮೇಲುಗಾರಿಕೆ ಸಾರುವ ಕು ಕ್ಲುಕ್ಸ್ ಕ್ಲಾನ್ ಎಂಬ ಗುಂಪನ್ನು ಸೇರಿ ಇತರರನ್ನೂ ಸೇರಿಸಿದರು. 1964ರ ನಾಗರಿಕ ಹಕ್ಕುಗಳ ಮಸೂದೆಯನ್ನು ತಡೆಯಲು 14 ಗಂಟೆ 13 ನಿಮಿಷ ನಿಂತು ಮಾತಾಡಿದರು. ಮುಂದೆ ಇವೆರಡಕ್ಕೂ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. 2008ರಲ್ಲಿ ಬರಾಕ್ ಒಬಾಮ ಅವರನ್ನು ಬೆಂಬಲಿಸಿದರು. ಪಶ್ಚಾತ್ತಾಪ ನಿಜವಾದದ್ದೇ. ಆದರೂ ಅವರ ಸೆನೆಟ್ ನಿಷ್ಠೆಯನ್ನು ಕೊಂಡಾಡುವವರು, ಆ ಸದನದ ನಿಯಮಗಳನ್ನೇ ಕರಿಯರ ಹಕ್ಕುಗಳ ವಿರುದ್ಧ ಅವರು ಬಳಸಿದ್ದನ್ನು ಮರೆಯುವಂತಿಲ್ಲ.

ಕಲ್ಲಿದ್ದಲಿನ ವಿಷಯದಲ್ಲಿ ಊರಿನ ಹಿತ, ದೇಶದ ಹಿತ ಎರಡೂ ಮುಖಾಮುಖಿಯಾದವು. ಬಡ ದೇಶಗಳಿಗೂ ಕಡ್ಡಾಯ ಮಿತಿ ಇಲ್ಲದ, ಇಲ್ಲವೇ ಅಮೆರಿಕದ ಆರ್ಥಿಕತೆಗೆ ಪೆಟ್ಟು ಕೊಡುವ ಹವಾಮಾನ ಒಪ್ಪಂದಕ್ಕೆ ಸಹಿ ಹಾಕಬಾರದೆಂದು ಸೆನೆಟರ್ ಚಕ್ ಹೇಗಲ್ ಅವರೊಂದಿಗೆ 1997ರಲ್ಲಿ ತಂದ ನಿರ್ಣಯ 95–0 ಮತಗಳಿಂದ ಗೆದ್ದಿತು; ಹವಾಮಾನದ ಕ್ಯೋಟೊ ಒಪ್ಪಂದಕ್ಕೆ ಸೆನೆಟ್ಟಿನ ಒಪ್ಪಿಗೆ ಸಿಗಲೇ ಇಲ್ಲ. ಅದೇ ಬರ್ಡ್, 2009ರ ಡಿಸೆಂಬರಿನಲ್ಲಿ, ಬದಲಾವಣೆಯನ್ನು ಒಪ್ಪಿಕೊಳ್ಳಿ ಎಂದು ತಮ್ಮ ರಾಜ್ಯದ ಗಣಿ ಉದ್ಯಮಕ್ಕೆ ಬಹಿರಂಗವಾಗಿ ಬರೆದರು. ತೊಂಬತ್ತೆರಡರ ವಯಸ್ಸಿನಲ್ಲಿ, ಗಣಿಯವರ ಮತದಿಂದಲೇ ಗೆದ್ದು ಬಂದವರೊಬ್ಬರು ಹೀಗೆ ಬರೆಯುವುದಕ್ಕೆ ಎದೆಗಾರಿಕೆ ಬೇಕು.

ಆ ತಿಂಗಳ 24ರ ಬೆಳಗ್ಗೆ ಗಾಲಿಕುರ್ಚಿಯಲ್ಲಿ ಬಂದು ಆರೋಗ್ಯ ವಿಮಾ ಮಸೂದೆಗೆ ಮತ ಹಾಕಿದರು. ಅದರೊಳಗೆ ಅವರು ಸೇರಿಸಿದ ಒಂದು ಕಲಮಿತ್ತು. ಗಣಿಯ ಆಳದಲ್ಲಿ 15 ವರ್ಷ ದುಡಿದು, ಉಸಿರಾಡಲಾಗದೆ ಪೂರ್ತಿ ಅಶಕ್ತನಾದ ಕಾರ್ಮಿಕನ ಕಾಯಿಲೆಗೆ ಗಣಿಯ ದೂಳೇ ಕಾರಣವೆಂದು ಮೊದಲಿಗೇ ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊರೆ ಪರಿಹಾರ ಕೊಡಬೇಕಾದವರದ್ದು. 1981ರಲ್ಲಿ ತೆಗೆದುಹಾಕಿದ್ದ ಈ ರಕ್ಷಣೆ ಹೀಗೆ ಮರಳಿ ಬಂತು, ಈಗಲೂ ಜಾರಿಯಲ್ಲಿದೆ.